ಚಳಿ ತಾಳುವ ಪೆಕಾನ್ ಮರ: ಹೆಸರಿನ ಹಿಂದಿರುವ ಕಾಲದ ಲೆಕ್ಕ

ಪುಣೆಯಲ್ಲಿ ನಮ್ಮ ಕಟ್ಟಡದಲ್ಲೇ ಇರುವ ಧಾರವಾಡ ಮೂಲದ ಹಿರಿಯ ದಂಪತಿ ಅಮೆರಿಕದಲ್ಲಿರುವ ಮಗಳ ಮನೆಯಿಂದ ಮರಳಿ ಬಂದ ವಾರದಲ್ಲೇ ನನ್ನ ಮುಂದೆ ಎರಡು ಪ್ರಶ್ನೆಗಳನ್ನಿಟ್ಟರು. ಮಗಳು, ಅಳಿಯ ದಕ್ಷಿಣ ಇಲಿನಾಯ್‌ನ ಕಾರ್ಬನ್‌ಡೇಲ್ ಎಂಬ ಊರಿನಲ್ಲಿ ದೊಡ್ಡ ಹಿತ್ತಿಲಿರುವ ಮನೆ ಕೊಂಡಿದ್ದಾರೆ. ಆ ಹಿತ್ತಿಲಿನಲ್ಲಿ ಬೇಸಿಗೆಗೆ ನೆರಳನ್ನೂ ತಿನ್ನಲು ಬೀಜವನ್ನೂ ಕೊಡುವ ಪೆಕಾನ್ ಮರ ಹಾಕಬೇಕೆಂದಿದ್ದಾರೆ, ಯಾವ ತಳಿ ಒಳ್ಳೆಯದು ಎಂಬುದು ಮೊದಲನೆಯ ಪ್ರಶ್ನೆ. ಭೋರ್ ತಾಲ್ಲೂಕಿನಲ್ಲಿ ತಮಗಿರುವ ಅರ್ಧ ಎಕರೆ ಜಾಗದಲ್ಲಿಯೂ ಅದೇ ಮರವನ್ನು ಬೆಳೆಸಬಹುದೇ ಎಂಬುದು ಎರಡನೆಯದು. ಅಂತರ್ಜಾಲದಲ್ಲಿ ಸಸಿ ಮಾರುವವರೊಬ್ಬರು ‘ಕೋಲ್ಡ್ ಹಾರ್ಡಿ’, ಅಂದರೆ ಚಳಿ ತಾಳುವ ತಳಿ ಎಂದು ಬರೆದಿದ್ದನ್ನು ಅವರು ನೋಡಿದ್ದರು. ಸೊನ್ನೆಗಿಂತ ಕೆಳಗಿನ ಚಳಿಯನ್ನೇ ತಡೆದುಕೊಳ್ಳುವ ಮರಕ್ಕೆ ಪುಣೆಯ ಹವೆ ಯಾವ ಲೆಕ್ಕ ಎಂಬುದು ಅವರ ತರ್ಕ. ಕೇಳಲು ಸರಿಯಾಗಿಯೇ ಕಾಣುವ ಈ ತರ್ಕ ಎಲ್ಲಿ ತಪ್ಪುತ್ತದೆ ಎಂದು ಬಿಡಿಸಿ ಹೇಳಿದರೆ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಚಳಿ ತಾಳುವುದೆಂದರೆ ಮರದ ಮೈಯಲ್ಲಿರುವ ಒಂದು ಬಗೆಯ ಗಟ್ಟಿತನವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದರ ಬಹುಪಾಲು ಗಟ್ಟಿತನವಲ್ಲ, ಕಾಲಜ್ಞಾನ: ಯಾವಾಗ ಚಿಗುರಬೇಕು, ಯಾವಾಗ ಬೆಳವಣಿಗೆ ನಿಲ್ಲಿಸಬೇಕು, ಎಷ್ಟು ದಿನಗಳಲ್ಲಿ ಕಾಯಿಯನ್ನು ಬಲಿಸಬೇಕು ಎಂಬ ಪಂಚಾಂಗವನ್ನು ಮರ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆ ಪಂಚಾಂಗ ಒಂದು ಸೀಮೆಗೆ ಬರೆದದ್ದು. ಇನ್ನೊಂದು ಸೀಮೆಗೆ ಅದು ಹೊಂದುವುದಿಲ್ಲ.

ಪೆಕಾನ್ ನಮ್ಮ ಅಂಗಡಿಗಳಿಗೆ ಈಗಲೂ ಹೊಸದು. 2023ರ ಕೇಂದ್ರ ಬಜೆಟ್ಟಿನಲ್ಲಿ ಅದರ ಆಮದು ಸುಂಕವನ್ನು ಶೇಕಡಾ 100ರಿಂದ 30ಕ್ಕೆ ಇಳಿಸಲಾಯಿತು. ನೋಡಲು ಅಖ್ರೋಟಿನ ತಿರುಳನ್ನು ಉದ್ದಕ್ಕೆ ಎಳೆದು ನಯಗೊಳಿಸಿದಂತಿರುತ್ತದೆ. ಹೋಲಿಕೆ ಆಕಸ್ಮಿಕವಲ್ಲ, ಎರಡೂ ಒಂದೇ ಸಸ್ಯಕುಟುಂಬದವು. ರುಚಿಯಲ್ಲಿ ಅಖ್ರೋಟಿನ ಒಗರು ಇಲ್ಲ, ಬೆಣ್ಣೆಯ ಗುಣ ಹೆಚ್ಚು, ಏಕೆಂದರೆ ತಿರುಳಿನ ತೂಕದ ಸುಮಾರು ಶೇಕಡಾ 70ರಷ್ಟು ಎಣ್ಣೆಯೇ ಇರುತ್ತದೆ. ಈ ಎಣ್ಣೆಯ ಕಾರಣಕ್ಕೇ ತಿರುಳು ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಬೇಗ ಕಮಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿ, ಹೆಚ್ಚು ಕಾಲಕ್ಕಾದರೆ ಫ್ರೀಜರಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇಡಬೇಕು. ಮರದ ಶಾಸ್ತ್ರೀಯ ಹೆಸರು ಕಾರ್ಯ ಇಲಿನಾಯ್‌ನೆನ್ಸಿಸ್. ಪೆಕಾನ್ ಎಂಬ ಮಾತು ಅಲ್ಲಿನ ಮೂಲನಿವಾಸಿಗಳ ಆಲ್ಗಾಂಕಿಯನ್ ಭಾಷೆಗಳಿಂದ ಬಂದದ್ದು. ಕಲ್ಲಿನಿಂದ ಒಡೆಯಬೇಕಾದ ಕಾಯಿ ಎಂಬುದು ಅದರ ಅರ್ಥ. 1919ರಲ್ಲಿ ಟೆಕ್ಸಸ್ ಇದನ್ನು ತನ್ನ ರಾಜ್ಯವೃಕ್ಷವೆಂದು ಘೋಷಿಸಿತು. ಹೀಗಾಗಿ ಇದು ದಕ್ಷಿಣದ, ಬಿಸಿನೆಲದ ಮರ ಎಂದು ಹಲವರು ತಿಳಿದಿದ್ದಾರೆ. ಆದರೆ ಇದರ ಸಹಜ ನೆಲೆ ಮಿಸಿಸಿಪ್ಪಿ ನದಿ ಮತ್ತು ಅದರ ಉಪನದಿಗಳ ಬಯಲುಗಳನ್ನು ಹಿಡಿದುಕೊಂಡು, ಮೆಕ್ಸಿಕೋದಿಂದ ಉತ್ತರದಲ್ಲಿ ಅಯೋವಾ ರಾಜ್ಯದ ಪೂರ್ವ ಅಂಚಿನವರೆಗೂ ಹಬ್ಬಿದೆ. ಮೆಕ್ಸಿಕೋದ ಮರ ಹಿಮವನ್ನೇ ಕಾಣದಿರಬಹುದು. ಅಯೋವಾದ ಮರ ತಿಂಗಳುಗಟ್ಟಲೆ ಹಿಮದಲ್ಲಿ ನಿಂತಿರುತ್ತದೆ. ಜಾತಿ ಒಂದೇ ಆದರೂ ಸಾವಿರಾರು ವರ್ಷ ಬೇರೆ ಬೇರೆ ಹವೆಯಲ್ಲಿ ಬಾಳಿದ ಕಾರಣ ಉತ್ತರದ ಮರಗಳ ಪಂಚಾಂಗವೇ ಬೇರೆ, ದಕ್ಷಿಣದ ಮರಗಳದೇ ಬೇರೆ. ಚಳಿ ತಾಳುವ ಪೆಕಾನ್ ಎಂದು ಮಾರುವುದು ಈ ಉತ್ತರದ ಕುಲದಿಂದ ಆಯ್ದ ಅಥವಾ ಅದರೊಡನೆ ಬೆರೆಸಿ ಪಡೆದ ತಳಿಗಳನ್ನು.

ಚಳಿ ಎಂದು ನಾವು ಒಂದೇ ಪದದಲ್ಲಿ ಹೇಳಿದರೂ ಮರದ ಪಾಲಿಗೆ ಅದು ಮೂರು ಬೇರೆ ಬೇರೆ ಸಂಕಟಗಳು. ಮೊದಲನೆಯದು ನಡುಚಳಿಗಾಲದ ಕೊರೆತ. ಕಾರ್ಬನ್‌ಡೇಲಿನಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿಯುವ ರಾತ್ರಿಗಳು ಅಪರೂಪವಾದರೂ ಬರುತ್ತವೆ. ಇಂಥ ಚಳಿಯಲ್ಲಿ ಜೀವಕೋಶದೊಳಗಿನ ನೀರು ಮಂಜುಗಡ್ಡೆಯಾದರೆ ಅದರ ಹರಳುಗಳು ಕೋಶವನ್ನು ಸೀಳಿಬಿಡುತ್ತವೆ. ಆದ್ದರಿಂದ ಮರ ಶರತ್ಕಾಲದಲ್ಲೇ ಸಿದ್ಧತೆ ಮಾಡಿಕೊಳ್ಳುತ್ತದೆ: ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಕರಗಿಸಿ ಕೋಶದ ರಸವನ್ನು ಮಂದಗೊಳಿಸುತ್ತದೆ, ನೀರನ್ನು ಕೋಶದಿಂದ ಹೊರಗಿನ ಸಂದುಗಳಿಗೆ ತಳ್ಳುತ್ತದೆ, ಮೊಗ್ಗುಗಳ ಮೇಲೆ ಬಿಗಿಯಾದ ಹೊದಿಕೆಗಳನ್ನು ಮುಚ್ಚಿಕೊಳ್ಳುತ್ತದೆ. ಈ ಸಿದ್ಧತೆ ಒಂದು ರಾತ್ರಿಯ ಕೆಲಸವಲ್ಲ. ವಾರಗಳ ಕಾಲ ಹಂತಹಂತವಾಗಿ ನಡೆಯಬೇಕು. ಪೂರ್ತಿ ಸಿದ್ಧವಾದ ಮರ ಜನವರಿಯಲ್ಲಿ ತಡೆದುಕೊಳ್ಳುವ ಚಳಿಯಲ್ಲಿ ಅರ್ಧ ಪಾಲು ನವೆಂಬರ್ ಮೊದಲ ವಾರದಲ್ಲಿ ಏಕಾಏಕಿ ಬಂದರೂ, ಸಿದ್ಧವಾಗದ ಮರದ ತೊಗಟೆ ಬಿರಿದು ಕಾಂಡ ಸಾಯಬಹುದು. ಹೀಗಾಗಿ ನಡುಚಳಿಗಾಲದಲ್ಲಿ ಉಳಿಯುವುದೂ ಕಡೆಗೆ ಸರಿಯಾದ ಹೊತ್ತಿಗೆ ಕೆಲಸ ನಿಲ್ಲಿಸಿದ್ದರ ಫಲವೇ ಆಗಿದೆ. ಉತ್ತರದ ತಳಿಗಳು ಹಗಲು ಕುಗ್ಗುತ್ತ ಬಂದಂತೆ ಬೇಗನೆ ಬೆಳವಣಿಗೆ ನಿಲ್ಲಿಸಿ ಎಲೆ ಉದುರಿಸುತ್ತವೆ. ದಕ್ಷಿಣದ ತಳಿಗಳು ಇನ್ನೂ ಬೇಸಿಗೆ ಇದೆಯೆಂಬಂತೆ ಹಸಿರಾಗಿಯೇ ನಿಂತು ಸಿಕ್ಕಿಬೀಳುತ್ತವೆ.

ಸಾಕಿದವರ ತಪ್ಪಿನಿಂದಲೂ ಈ ಲೆಕ್ಕ ಕೆಡುವುದುಂಟು. ಮಳೆಗಾಲದ ಕೊನೆಯಲ್ಲಿ ಒಂದು ಸುತ್ತು ಗೊಬ್ಬರ ಹಾಕುವುದು ನಮ್ಮ ಕಡೆಯ ರೂಢಿ. ಅಲ್ಲಿ ಆಗಸ್ಟ್ ತಿಂಗಳಲ್ಲಿ ಎಳೆಯ ಪೆಕಾನ್ ಗಿಡಕ್ಕೆ ಸಾರಜನಕದ ಗೊಬ್ಬರ ಹಾಕಿದರೆ ಅದು ಹೊಸ ಚಿಗುರು ಹೊಡೆಯುತ್ತದೆ, ಆ ಚಿಗುರು ಬಲಿಯುವ ಮೊದಲೇ ಚಳಿ ಬರುತ್ತದೆ. ಗೊಬ್ಬರವೆಲ್ಲ ವಸಂತದಲ್ಲಿ, ಹೆಚ್ಚೆಂದರೆ ಜೂನ್ ತಿಂಗಳೊಳಗೆ ಮುಗಿಯಬೇಕು. ಹಾಗೆಯೇ, ಒಂದು ವರ್ಷ ಮಿತಿಮೀರಿ ಕಾಯಿ ಹೊತ್ತ ಮರ ತನ್ನ ಕೂಡಿಟ್ಟ ಆಹಾರವನ್ನೆಲ್ಲ ಬೀಜದ ಎಣ್ಣೆಗೆ ಸುರಿದುಬಿಟ್ಟಿರುವುದರಿಂದ ಆ ಚಳಿಗಾಲಕ್ಕೆ ಬರಿಗೈಯಲ್ಲಿ ಕಾಲಿಡುತ್ತದೆ. ಎಷ್ಟು ಗಟ್ಟಿ ತಳಿಯಾದರೂ ಆ ವರ್ಷ ಪೆಟ್ಟು ತಿನ್ನುವ ಸಂಭವ ಹೆಚ್ಚು.

ಎರಡನೆಯ ಸಂಕಟ ವಸಂತದ ಮೋಸ. ಮಾರ್ಚ್ ಕೊನೆಯಲ್ಲಿ ಕೆಲವು ದಿನ ಬೆಚ್ಚಗಾಗಿ, ಏಪ್ರಿಲ್ ನಡುವೆ ಮತ್ತೆ ಹೆಪ್ಪುಗಟ್ಟುವ ಚಳಿ ಬಂದರೆ, ಆತುರದಿಂದ ಚಿಗುರಿದ ಮರದ ಮೊದಲ ಚಿಗುರು ಸುಟ್ಟು ಕಪ್ಪಾಗುತ್ತದೆ. ಪೆಕಾನಿನಲ್ಲಿ ಹೆಣ್ಣುಹೂವು ಹೊಸ ಚಿಗುರಿನ ತುದಿಯಲ್ಲೇ ಕೂರುವುದರಿಂದ ಚಿಗುರಿನೊಂದಿಗೆ ಆ ವರ್ಷದ ಫಸಲೂ ಬಹುಮಟ್ಟಿಗೆ ಹೋದಂತೆಯೇ. ಈ ಮರದ ಸ್ವಭಾವ ಇಲ್ಲಿ ಅದರ ನೆರವಿಗೆ ಬರುತ್ತದೆ: ಸುತ್ತಲಿನ ಮರಗಳೆಲ್ಲ ಹಸಿರಾದ ಮೇಲೂ ಪೆಕಾನ್ ಬೋಳಾಗಿಯೇ ನಿಂತಿರುತ್ತದೆ, ತಡವಾಗಿ ಕಣ್ಣು ತೆರೆಯುತ್ತದೆ. ಗಿಡ ನೆಟ್ಟ ಮೊದಲ ವರ್ಷ ಏಪ್ರಿಲ್ ಮುಗಿದರೂ ಚಿಗುರದ್ದನ್ನು ನೋಡಿ ಗಿಡ ಸತ್ತಿದೆಯೆಂದು ಕಿತ್ತುಹಾಕುವವರಿದ್ದಾರೆ. ಮಗಳಿಗೆ ಹೇಳಲೇಬೇಕಾದ ಮಾತುಗಳಲ್ಲಿ ಇದೂ ಒಂದು.

ಮೂರನೆಯದನ್ನು ಮಾರುವವರು ಹೇಳುವುದೇ ಇಲ್ಲ, ಆದರೆ ಬೀಜಕ್ಕಾಗಿ ಮರ ಹಾಕುವವರಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಮರ ಬದುಕುವುದೇ ಬೇರೆ, ಕಾಯಿ ಬಲಿಯುವುದೇ ಬೇರೆ. ವಸಂತದ ಕೊನೆಯ ಹೆಪ್ಪುಚಳಿಗೂ ಶರತ್ಕಾಲದ ಮೊದಲ ಹೆಪ್ಪುಚಳಿಗೂ ನಡುವೆ ಎಷ್ಟು ದಿನ ಸಿಗುತ್ತದೆ, ಆ ದಿನಗಳಲ್ಲಿ ಎಷ್ಟು ಬಿಸಿ ಸಿಗುತ್ತದೆ ಎಂಬುದರ ಮೇಲೆ ಫಸಲು ನಿಂತಿದೆ. ದಕ್ಷಿಣದ ಹೆಸರಾಂತ ತಳಿಗಳಿಗೆ ಇಂಥ 200ಕ್ಕೂ ಹೆಚ್ಚು ದಿನಗಳು ಬೇಕು. ಉತ್ತರದ ತಳಿಗಳು ಸುಮಾರು 180 ದಿನಗಳಲ್ಲಿ, ಅತ್ಯುತ್ತರದವು ಅದಕ್ಕೂ ಕಡಿಮೆ ದಿನಗಳಲ್ಲಿ ಕಾಯಿ ಬಲಿಸುತ್ತವೆ. ಕಾಯಿ ಬೆಳೆಯುವುದು ಎರಡು ಹಂತಗಳಲ್ಲಿ. ಮೇ ತಿಂಗಳಿಂದ ಆಗಸ್ಟ್ ನಡುವಿನವರೆಗೆ ಕಾಯಿ ಗಾತ್ರದಲ್ಲಿ ಹಿಗ್ಗುತ್ತದೆ. ಒಳಗೆ ಆಗ ಎಳನೀರಿನಂತಹ ದ್ರವವಷ್ಟೇ ಇರುತ್ತದೆ. ಚಿಪ್ಪು ಗಟ್ಟಿಯಾದ ನಂತರವೇ ತಿರುಳು ತುಂಬಲು ತೊಡಗುತ್ತದೆ, ಅದು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳ ಕೆಲಸ. ಎರಡನೆಯ ಹಂತ ಮುಗಿಯುವ ಮೊದಲೇ ಹೆಪ್ಪುಚಳಿ ಬಡಿದರೆ ಹಸಿರು ಹೊರಸಿಪ್ಪೆ ನಾಲ್ಕು ಹೋಳಾಗಿ ಬಿರಿಯುವ ಬದಲು ಕಪ್ಪಾಗಿ ಕಾಯಿಗೇ ಅಂಟಿಕೊಳ್ಳುತ್ತದೆ. ಒಡೆದು ನೋಡಿದರೆ ಒಳಗೆ ಸುಕ್ಕುಗಟ್ಟಿದ, ಜೊಳ್ಳು ತಿರುಳು. ಜೋಳದ ತೆನೆ ಹಾಲುಗಾಳು ಇದ್ದಾಗಲೇ ಭೂಮಿಯ ತೇವ ಆರಿದರೆ ಏನಾಗುತ್ತದೆ ಎಂದು ವಿಜಯಪುರ, ಸೊಲ್ಲಾಪುರದ ಹಿಂಗಾರಿ ರೈತರಿಗೆ ವಿವರಿಸಬೇಕಿಲ್ಲ. ಪೆಕಾನಿಗೆ ಚಳಿ ಮಾಡುವುದೂ ಅದನ್ನೇ. ಹೆಪ್ಪುಚಳಿ ಬೇಗ ಬರುವ ಊರುಗಳಲ್ಲಿ ದಕ್ಷಿಣದ ತಳಿಯ ಮರ ನೂರು ವರ್ಷ ಬದುಕಿ ಒಳ್ಳೆಯ ನೆರಳು ಕೊಟ್ಟರೂ, ಬಾಯಿಗೆ ಹಾಕಿಕೊಳ್ಳುವಂಥ ಒಂದು ಬೀಜವನ್ನೂ ಕೊಡದೆ ಇರಬಹುದು.

ಬೇಗ ಬಲಿಯುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಡಿಮೆ ದಿನಗಳಲ್ಲಿ ತುಂಬಬೇಕಾದ ಕಾಯಿ ಸಣ್ಣದಾಗಿರುತ್ತದೆ. ಪೌನಿ ಎಂಬ ತಳಿಯ ಕಾಯಿ ಕಿಲೋಗೆ ಸುಮಾರು 110 ಬಂದರೆ, ಅದಕ್ಕಿಂತ ಚಳಿಗೆ ಗಟ್ಟಿಯಾದ ಕಾಂಜಾ ಕಿಲೋಗೆ 150–160 ಬರುತ್ತದೆ, ಅತ್ಯುತ್ತರದ ತಳಿಗಳದು 200ನ್ನೂ ದಾಟುತ್ತದೆ. ಅಂಗಡಿಯಲ್ಲಿ ಕಂಡ ದಪ್ಪ ಪೆಕಾನನ್ನೇ ಅಯೋವಾದ ಹಿತ್ತಿಲಿನಲ್ಲಿ ನಿರೀಕ್ಷಿಸಬಾರದು. ಆದರೆ ಸಣ್ಣ ಕಾಯಿಯ ಚಿಪ್ಪು ತೆಳುವಾಗಿದ್ದು ತಿರುಳು ಪೂರ್ತಿ ತುಂಬಿದ್ದರೆ, ದಪ್ಪ ಕಾಯಿಯ ಅರೆಬರೆ ತಿರುಳಿಗಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ತಳಿಯ ಮಾತು. ಪೆಕಾನಿನಲ್ಲಿ ಬೀಜದಿಂದ ಎದ್ದ ಗಿಡ ತಾಯಿಯಂತೆ ಇರುವುದಿಲ್ಲ. ಗಾಳಿ ತಂದ ಯಾವ ಪರಾಗದಿಂದ ಕಾಯಿ ಕಟ್ಟಿತೋ ಹೇಳಲಾಗದು, ಮೇಲಾಗಿ ಬೀಜದ ಗಿಡ ಕಾಯಿ ಬಿಡಲು 10–15 ವರ್ಷ ಕಾಯಿಸುತ್ತದೆ. ಆದ್ದರಿಂದ ಕಸಿಯೇ ದಾರಿ. ಆ ದಾರಿಯನ್ನು ತೆರೆದವನ ಕಥೆ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಲೂಯಿಸಿಯಾನಾದ ಓಕ್ ಆಲಿ ಎಂಬ ದೊಡ್ಡ ತೋಟದಲ್ಲಿ ಗುಲಾಮನಾಗಿದ್ದ ಆಂತ್ವಾನ್ ಎಂಬ ತೋಟಗಾರ 1840ರ ದಶಕದ ಕೊನೆಭಾಗದಲ್ಲಿ, ತೆಳುಚಿಪ್ಪಿನ ಒಳ್ಳೆಯ ಕಾಯಿ ಬಿಡುತ್ತಿದ್ದ ಒಂದು ಮರದ ಕಡ್ಡಿಗಳನ್ನು 16 ಮರಗಳಿಗೆ ಯಶಸ್ವಿಯಾಗಿ ಕಸಿ ಕಟ್ಟಿದ. ಅವನ ಪೂರ್ಣ ಹೆಸರು ಕೂಡ ದಾಖಲೆಯಲ್ಲಿ ಉಳಿದಿಲ್ಲ. ಆ ತಳಿಯ ಕಾಯಿಗಳನ್ನು 1876ರಲ್ಲಿ ಫಿಲಡೆಲ್ಫಿಯಾದ ಶತಮಾನೋತ್ಸವ ಪ್ರದರ್ಶನದಲ್ಲಿ ಇಟ್ಟಾಗ ಮನ್ನಣೆ ದೊರೆಯಿತು, ತಳಿಗೆ ಸೆಂಟೆನಿಯಲ್ ಎಂಬ ಹೆಸರು ಬಂತು. ಇಂದು ಜಗತ್ತಿನಲ್ಲಿ ಎಲ್ಲಿ ಪೆಕಾನ್ ತೋಟವಿದ್ದರೂ ಅದು ಆ ಕಸಿಗಾರನ ಕೈಗುಣಕ್ಕೆ ಋಣಿಯಾಗಿದೆ.

ಉತ್ತರದ ತಳಿಗಳಲ್ಲಿ ಮೇಜರ್ ಎಂಬುದು ಕೆಂಟಕಿಯಲ್ಲಿ ತಾನಾಗಿ ಬೆಳೆದಿದ್ದ ಮರದಿಂದ ಆಯ್ದದ್ದು. ಕಾಯಿ ಸಣ್ಣದಾದರೂ ರೋಗನಿರೋಧಕ ಗುಣದಿಂದಾಗಿ ಅದು ಮುಂದಿನ ಹಲವು ತಳಿಗಳ ತಾಯಿತಂದೆಯಾಯಿತು. ಅಮೆರಿಕದ ಕೃಷಿ ಇಲಾಖೆ ಟೆಕ್ಸಸ್‌ನಲ್ಲಿ ನಡೆಸುವ ತಳಿ ಸುಧಾರಣೆಯ ಕೆಲಸದಿಂದ ಹೊರಬಂದ ತಳಿಗಳಿಗೆ ಅಲ್ಲಿನ ಮೂಲನಿವಾಸಿ ಜನಾಂಗಗಳ ಹೆಸರುಗಳನ್ನು ಇಡುವುದು ಸಂಪ್ರದಾಯ. 1984ರಲ್ಲಿ ಬಿಡುಗಡೆಯಾದ ಪೌನಿ ಬಹಳ ಬೇಗ ಬಲಿಯುತ್ತದೆ, ಕಾಯಿ ದಪ್ಪ. ಆದರೆ ತೇವದ ಹವೆಯಲ್ಲಿ ಕಜ್ಜಿರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. 1996ರ ಕಾಂಜಾ ಮೇಜರಿನ ಮಗು, ಕಜ್ಜಿರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. 2007ರ ಲಕೋಟಾ ಕೂಡ ಮೇಜರಿನ ಸಂತಾನವೇ. ಕಜ್ಜಿರೋಗ ಒಂದು ಶಿಲೀಂಧ್ರದಿಂದ ಬರುವಂಥದ್ದು. ಎಳೆಯ ಎಲೆ, ಕಾಯಿಗಳು ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆಗಳಾಗಿ ಹಬ್ಬಿ ಕಾಯಿಯನ್ನು ಉದುರಿಸುತ್ತದೆ. ತೋಟದವರು ದೊಡ್ಡ ಯಂತ್ರಗಳಿಂದ ಮರದ ತುದಿಯವರೆಗೂ ಔಷಧಿ ಸಿಂಪಡಿಸುತ್ತಾರೆ. ಮನೆಯ ಹಿತ್ತಿಲಿನಲ್ಲಿ 20 ಮೀಟರ್ ಎತ್ತರದ ಮರಕ್ಕೆ ಅದು ಆಗುವ ಮಾತಲ್ಲ. ಆದ್ದರಿಂದ ಮನೆಗೆ ಹಾಕುವವರು ರುಚಿ, ಗಾತ್ರ ಎರಡಕ್ಕಿಂತಲೂ ಮೊದಲು ರೋಗನಿರೋಧಕ ಗುಣವನ್ನು ನೋಡಬೇಕು.

ತಳಿಯ ಹೆಸರು ಕಸಿಕಡ್ಡಿಗೆ ಸೇರಿದ್ದು. ಕೆಳಗಿನ ಬೇರು ಯಾವ ಬೀಜದಿಂದ ಬಂತು ಎಂದು ಕೇಳುವವರು ಕಡಿಮೆ. ದಕ್ಷಿಣದ ಬೀಜದ ಬೇರಿನ ಮೇಲೆ ಉತ್ತರದ ತಳಿಯನ್ನು ಕಸಿ ಕಟ್ಟಿದರೆ ಬೇರಿನ ಸ್ವಭಾವ ಮೇಲಿನ ಮರದ ಚಳಿಸಹನೆಯನ್ನೂ ತಗ್ಗಿಸುತ್ತದೆ. ಉತ್ತರದ ಊರಿಗೆ ಉತ್ತರದ ಬೀಜದ ಬೇರೇ ಬೇಕು. ಸಸಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ ಇದ್ದರೆ ಅದು ಇದು.

ಒಂದೇ ಮರ ಸಾಕೇ ಎಂದರೆ ನೆರಳಿಗೆ ಸಾಕು, ಬೀಜಕ್ಕೆ ಸಾಲದು. ಪೆಕಾನಿನ ಗಂಡುಹೂವು ಮತ್ತು ಹೆಣ್ಣುಹೂವು ಒಂದೇ ಮರದಲ್ಲಿರುತ್ತವೆ. ಗಂಡುಹೂವುಗಳು ಹಿಂದಿನ ವರ್ಷದ ಕಡ್ಡಿಯಿಂದ ಹಸಿರು ಕುಚ್ಚುಗಳಂತೆ ಜೋತುಬಿದ್ದು ಗಾಳಿಗೆ ಪರಾಗ ಉದುರಿಸುತ್ತವೆ. ಹೆಣ್ಣುಹೂವುಗಳು ಹೊಸ ಚಿಗುರಿನ ತುದಿಯಲ್ಲಿ ಕಂಡೂ ಕಾಣದಷ್ಟು ಚಿಕ್ಕದಾಗಿರುತ್ತವೆ. ಆದರೆ ಎರಡೂ ಒಂದೇ ಹೊತ್ತಿಗೆ ಸಿದ್ಧವಾಗುವುದಿಲ್ಲ. ಕೆಲವು ತಳಿಗಳು ಮೊದಲು ಪರಾಗ ಉದುರಿಸಿ ಆಮೇಲೆ ಹೆಣ್ಣುಹೂವನ್ನು ತೆರೆಯುತ್ತವೆ. ಮೇಜರ್, ಪೌನಿ ಈ ಗುಂಪಿನವು. ಇನ್ನು ಕೆಲವು ಮೊದಲು ಹೆಣ್ಣುಹೂವನ್ನು ತೆರೆದು ಅದರ ಕಾಲ ಮುಗಿಯುತ್ತ ಬಂದಾಗ ಪರಾಗ ಬಿಡುತ್ತವೆ. ಕಾಂಜಾ, ಲಕೋಟಾ ಇವುಗಳಲ್ಲಿ ಸೇರಿವೆ. ಸ್ವಂತ ಪರಾಗದಿಂದಲೇ ಕಾಯಿ ಕಟ್ಟಿ ವಂಶ ಸೊರಗದಿರಲೆಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಹಾಗಾಗಿ ಎರಡೂ ಗುಂಪಿನಿಂದ ಒಂದೊಂದು ಮರವನ್ನು, 50–60 ಮೀಟರಿನೊಳಗೆ, ಜೋಡಿಯಾಗಿ ಹಾಕಬೇಕು. ನೆರೆಮನೆಯಲ್ಲಿ ಸರಿಯಾದ ಗುಂಪಿನ ಪೆಕಾನ್ ಮರವಿದ್ದರೆ ಅದರಿಂದಲೂ ನಡೆಯುತ್ತದೆ. ಜೇನುನೊಣಗಳ ಕೆಲಸ ಇಲ್ಲಿ ಏನೂ ಇಲ್ಲ, ಎಲ್ಲವೂ ಗಾಳಿಯದೇ. ಪರಾಗ ಹಾರುವ ವಾರದಲ್ಲಿ ಮಳೆ ಹಿಡಿದರೆ ಫಸಲು ಅಷ್ಟಕ್ಕಷ್ಟೇ.

ನೆಡುವ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ತಾಯಿಬೇರು. ಬೀಜ ಮೊಳೆತ ಮೊದಲ ವರ್ಷ ಮೇಲೆ ಒಂದು ಗೇಣು ಗಿಡ ಕಂಡರೆ ಕೆಳಗೆ ಮೊಳಕ್ಕೂ ಮೀರಿ ಬೇರು ಇಳಿದಿರುತ್ತದೆ. ನದೀಬಯಲಿನ ಆಳವಾದ ಮೆಕ್ಕಲು ಮಣ್ಣಿನ ಮರ ಇದು. ನೀರು ನಿಲ್ಲದ, ಆದರೆ ಕೆಳಗೆ ತೇವ ಆರದ ಮಣ್ಣು ಇದಕ್ಕೆ ಬೇಕು. ಗಿಡ ಎಲೆಯಿಲ್ಲದೆ ಮಲಗಿರುವಾಗ, ಕಾರ್ಬನ್‌ಡೇಲಿನಲ್ಲಿ ಮಾರ್ಚ್ ತಿಂಗಳಲ್ಲಿ, ಬೇರು ಮಡಚದಷ್ಟು ಆಳದ ಗುಂಡಿ ತೆಗೆದು ನೆಡಬೇಕು. ನೆಟ್ಟ ಕೂಡಲೇ ಮೇಲಿನ ಕಾಂಡವನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಬೇಕು, ಏಕೆಂದರೆ ಕೀಳುವಾಗ ಬೇರು ತುಂಡಾಗಿರುತ್ತದೆ, ಉಳಿದ ಬೇರು ಅಷ್ಟು ಉದ್ದದ ಕಾಂಡವನ್ನು ಸಾಕಲಾರದು. ಕಸಿಯ ಗಂಟಿಗಿಂತ ಕೆಳಗೆ ಮಾತ್ರ ಕತ್ತರಿಸಬಾರದು. ಮೊದಲ ಎರಡು ಮೂರು ಬೇಸಿಗೆ ವಾರಕ್ಕೊಮ್ಮೆ 40 ಲೀಟರಿನಷ್ಟು ನೀರನ್ನು ನಿಧಾನವಾಗಿ ಇಳಿಸಬೇಕು, ಬುಡದ ಸುತ್ತ ಒಂದು ಮೀಟರಿನಷ್ಟು ಹುಲ್ಲು ಬೆಳೆಯಗೊಡಬಾರದು. ಗಿಡ ಸೊರಗುವುದಕ್ಕೆ ಹುಲ್ಲೇ ಬಹುಪಾಲು ಕಾರಣ. ಎಳೆ ಕಾಂಡಕ್ಕೆ ತಿಳಿಯಾದ ಬಿಳಿ ಬಣ್ಣ ಬಳಿದರೆ, ಚಳಿಗಾಲದ ಮಧ್ಯಾಹ್ನದ ಬಿಸಿಲಿಗೆ ನೈಋತ್ಯದ ಮಗ್ಗುಲಿನ ತೊಗಟೆ ಕಾದು ರಾತ್ರಿ ಹೆಪ್ಪುಗಟ್ಟಿ ಬಿರಿಯುವುದು ತಪ್ಪುತ್ತದೆ. ಪೆಕಾನಿಗೆ ಸತುವಿನ ಹಸಿವು ಹೆಚ್ಚು. ಅದು ಸಾಲದಾದಾಗ ಚಿಗುರೆಲೆಗಳು ಕಿರಿದಾಗಿ ತುದಿಯಲ್ಲಿ ಗುಂಪುಗೂಡುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿಗೆ ಜಿಂಕ್ ಸಲ್ಫೇಟ್ ಹಾಕಿದರೆ ಮಣ್ಣೇ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಎಲೆಗಳ ಮೇಲೆ ಸಿಂಪಡಿಸುವುದೇ ಸರಿ.

ನೆರಳಿನ ದೃಷ್ಟಿಯಿಂದ ಪೆಕಾನ್ ಬಹಳ ಉದಾರವಾದ ಮರ. ಒಂದೊಂದು ಎಲೆಯೂ 9ರಿಂದ 17 ಕಿರುಎಲೆಗಳ ಸಾಲಾಗಿರುವುದರಿಂದ ನೆರಳು ಕತ್ತಲೆಯಂತೆ ಕವಿಯದೆ ಜರಡಿ ಹಿಡಿದ ಬೆಳಕಿನಂತೆ ಬೀಳುತ್ತದೆ. ತಡವಾಗಿ ಚಿಗುರಿ ಶರತ್ಕಾಲದಲ್ಲಿ ಎಲೆ ಉದುರಿಸುವುದರಿಂದ ಚಳಿಗಾಲದ ಬಿಸಿಲು ಮನೆಗೆ ಪೂರ್ತಿ ಸಿಗುತ್ತದೆ. ಮನೆಯ ಪಶ್ಚಿಮ ಅಥವಾ ನೈಋತ್ಯಕ್ಕೆ ಹಾಕಿದರೆ ಬೇಸಿಗೆಯ ಇಳಿಬಿಸಿಲು ತಪ್ಪುತ್ತದೆ. ಆದರೆ ಗೋಡೆಯಿಂದ ಕನಿಷ್ಠ 10–12 ಮೀಟರ್ ದೂರವಿರಬೇಕು. ಕಾರಣ, ಬಲವಾದ ಗಾಳಿ ಅಥವಾ ಮಂಜಿನ ಮಳೆಗೆ ಕೊಂಬೆಗಳು ಮುರಿಯುವ ಸ್ವಭಾವ ಇದಕ್ಕಿದೆ. ಅದರಲ್ಲೂ ಎರಡು ಕೊಂಬೆಗಳು ಕಿರಿದಾದ ಕೋನದಲ್ಲಿ ಕವಲೊಡೆದಲ್ಲಿ ಸೀಳುವುದು ಖಚಿತ. ಗಿಡ ಎಳೆಯದಿರುವಾಗಲೇ ನಡುಕಾಂಡ ಒಂದನ್ನೇ ನೇರವಾಗಿ ಬೆಳೆಸಿ, ಅಗಲ ಕೋನದ ಕೊಂಬೆಗಳನ್ನು ಮಾತ್ರ ಉಳಿಸಬೇಕು. ಕಸಿ ಗಿಡ 6ರಿಂದ 10 ವರ್ಷಗಳಲ್ಲಿ ಕಾಯಿ ಬಿಡಲು ತೊಡಗುತ್ತದೆ. ನಮ್ಮ ಮಾವಿನಂತೆ ಇದೂ ಒಂದು ವರ್ಷ ಹೇರಳವಾಗಿ ಬಿಟ್ಟು ಮರುವರ್ಷ ಕೈ ಹಿಡಿಯುತ್ತದೆ.

ಈಗ ಭೋರಿನ ಅರ್ಧ ಎಕರೆಗೆ ಬರೋಣ. ಪುಣೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಸರಾಸರಿ 11–12 ಡಿಗ್ರಿಯ ಸುತ್ತಮುತ್ತ ಇರುತ್ತವೆ. ನಮಗೆ ಅದು ಶಾಲು ಹೊದೆಯುವ ಚಳಿ. ಎಲೆ ಉದುರಿಸಿ ಮಲಗಿದ ಮರ ಎಚ್ಚರಗೊಳ್ಳಲು ಎಣಿಸುವುದು ಸಾಮಾನ್ಯವಾಗಿ 7 ಡಿಗ್ರಿಗಿಂತ ಕೆಳಗಿನ ಗಂಟೆಗಳನ್ನು. ಅಂಥ ಗಂಟೆಗಳು ಪುಣೆಯಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು. ಈ ಲೆಕ್ಕದಲ್ಲಿ ಪೆಕಾನ್ ಸೇಬಿನಷ್ಟು ಹಟಮಾರಿಯಲ್ಲ ಎಂಬುದನ್ನು ಒಪ್ಪಬೇಕು. ಚಳಿ ಸಾಲದಿದ್ದರೆ ವಸಂತದ ಹೆಚ್ಚಿನ ಬಿಸಿಯಿಂದ ಅದನ್ನು ಸರಿದೂಗಿಸಿಕೊಳ್ಳುವ ಶಕ್ತಿ ಅದಕ್ಕೆ ಸ್ವಲ್ಪಮಟ್ಟಿಗೆ ಇದೆ. ಆದರೆ ಹಾಗೆ ಎಚ್ಚರಗೊಂಡ ಮರ ಒಂದೇ ವಾರದಲ್ಲಿ ಮೈತುಂಬ ಚಿಗುರದೆ, ಒಂದು ಕೊಂಬೆ ಇಂದು, ಇನ್ನೊಂದು ತಿಂಗಳ ನಂತರ ಎಂಬಂತೆ ಚಿಗುರುತ್ತದೆ. ಗಂಡುಹೂವಿಗೂ ಹೆಣ್ಣುಹೂವಿಗೂ ಮೊದಲೇ ಇರುವ ಅಂತರ ಆಗ ಇನ್ನಷ್ಟು ಅಸ್ತವ್ಯಸ್ತಗೊಂಡು ಕಾಯಿ ಕಟ್ಟುವುದೇ ಅಪರೂಪವಾಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಹಗಲಿನ ಉದ್ದದ್ದು. ಪುಣೆಯಲ್ಲಿ ವರ್ಷದ ಅತಿ ಉದ್ದದ ಹಗಲು, ಜೂನ್ 21ರ ಹೊತ್ತಿಗೆ, 13 ಗಂಟೆ 13 ನಿಮಿಷದಷ್ಟು. ಕಾರ್ಬನ್‌ಡೇಲಿನಲ್ಲಿ ಅದೇ ದಿನ 14 ಮುಕ್ಕಾಲು ಗಂಟೆಯ ಹಗಲಿರುತ್ತದೆ. ಅಲ್ಲಿ ಹಗಲು ಕುಗ್ಗಿ 13 ಗಂಟೆಯ ಆಸುಪಾಸಿಗೆ ಬರುವುದು ಆಗಸ್ಟ್ ಕೊನೆಯ ವಾರದಲ್ಲಿ. ಅಂದರೆ ಉತ್ತರದ ಕುಲದ ಮರಕ್ಕೆ ನಮ್ಮ ಇಡೀ ಬೇಸಿಗೆಯೂ ಮಳೆಗಾಲವೂ ಶರತ್ಕಾಲ ಹತ್ತಿರ ಬಂತೆಂಬ ಸೂಚನೆಯಂತೆಯೇ ತೋರುತ್ತವೆ. ಉತ್ತರದ ಪೆಕಾನ್ ಬೀಜಗಳನ್ನು ದಕ್ಷಿಣದಲ್ಲಿ ಬೆಳೆಸಿದಾಗ ಗಿಡಗಳು ಬೇಗ ಬೆಳವಣಿಗೆ ನಿಲ್ಲಿಸಿ ಕುಳ್ಳಾಗಿಯೇ ಉಳಿಯುವುದನ್ನು ಅಮೆರಿಕದೊಳಗೇ ಕಂಡಿದ್ದಾರೆ. ಹೀಗೆ ‘ಚಳಿ ತಾಳುವ’ ಎಂಬ ವಿಶೇಷಣ ಕಾರ್ಬನ್‌ಡೇಲಿನಲ್ಲಿ ಗುಣವಾದರೆ ಭೋರಿನಲ್ಲಿ ದೋಷ. ಇಲ್ಲಿ ಹಟಹಿಡಿದು ಹಾಕುವುದೇ ಆದರೆ ಆರಿಸಬೇಕಾದದ್ದು ಅತಿ ದಕ್ಷಿಣದ ತಳಿಯನ್ನೇ ಹೊರತು ಇದನ್ನಲ್ಲ.

ಹಾಗೆ ಹಾಕಿದರೂ ಉಳಿದ ಎರಡು ಅಡ್ಡಿಗಳು ನಿಲ್ಲುತ್ತವೆ. ಮರದಲ್ಲಿ ಎಳೆಗಾಯಿ ಇರುವ ಜೂನ್‌ನಿಂದ ಸೆಪ್ಟೆಂಬರ್ ತಿಂಗಳೇ ಸಹ್ಯಾದ್ರಿಯ ಮಗ್ಗುಲಿನ ಮಳೆಗಾಲ. ದಿನಗಟ್ಟಲೆ ಎಲೆ ಒಣಗದ ಆ ಹವೆ ಕಜ್ಜಿರೋಗಕ್ಕೆ ಹೇಳಿ ಮಾಡಿಸಿದಂತಿದೆ. ಮಣ್ಣೂ ಅನುಕೂಲವಲ್ಲ. ಭೋರ್, ಮುಳಶಿ, ವೆಲ್ಹೆಯ ಇಳಿಜಾರುಗಳಲ್ಲಿ ಒಂದೆರಡು ಅಡಿ ಮಣ್ಣಿನ ಕೆಳಗೆ ಮುರುಮು, ಅದರ ಕೆಳಗೆ ಕಪ್ಪುಕಲ್ಲು ಸಿಗುತ್ತದೆ. ಆಳಕ್ಕಿಳಿಯುವ ತಾಯಿಬೇರಿಗೆ ಅಲ್ಲಿ ದಾರಿಯಿಲ್ಲ. ಮಹಾಬಳೇಶ್ವರದಲ್ಲಿ ಸ್ಟ್ರಾಬೆರಿ ಬೆಳೆಯುತ್ತದಲ್ಲ, ಅಲ್ಲಾದರೂ ಆಗುವುದಿಲ್ಲವೇ ಎಂದು ದಂಪತಿ ಕೇಳಿದರು. ಸುಮಾರು 1,350 ಮೀಟರ್ ಎತ್ತರದ ಆ ಊರು ತಂಪಾದದ್ದೇನೋ ನಿಜ. ಆದರೆ ಸ್ಟ್ರಾಬೆರಿ ಪ್ರತಿ ವರ್ಷ ಹೊಸದಾಗಿ ನೆಟ್ಟು ಮಳೆ ನಿಂತ ಮೇಲೆ ಹಣ್ಣು ತೆಗೆಯುವ ಗಿಡ. ಪೆಕಾನ್ ಮರ ಅಲ್ಲಿನ 5,000 ಮಿಲಿಮೀಟರಿಗೂ ಮೀರಿದ ಮಳೆಯನ್ನು ಕಾಯಿ ಹೊತ್ತುಕೊಂಡೇ ಎದುರಿಸಬೇಕು.

ಭಾರತದಲ್ಲಿ ಪೆಕಾನ್ ಒಗ್ಗಿರುವುದು ಹಿಮಾಲಯದ ನಡುಬೆಟ್ಟಗಳಲ್ಲಿ. ಹಿಮಾಚಲ ಪ್ರದೇಶ, ಜಮ್ಮು ಮತ್ತು ಕಾಶ್ಮೀರ, ಉತ್ತರಾಖಂಡಗಳಲ್ಲಿ ಸೇಬಿನ ಎತ್ತರಕ್ಕಿಂತ ಕೆಳಗಿನ, ಅಖ್ರೋಟಿಗೆ ಸ್ವಲ್ಪ ಬಿಸಿಯೆನಿಸುವ ಕಣಿವೆಗಳಲ್ಲಿ ಮಹಾನ್, ನೆಲ್ಲಿಸ್, ಬರ್ಕೆಟ್ ಮುಂತಾದ ತಳಿಗಳು ಬೆಳೆಯುತ್ತವೆ. ಇವು ಅತ್ಯುತ್ತರದ ತಳಿಗಳಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಹಿಮಾಚಲದಂಥ ಚಳಿಯ ರಾಜ್ಯದಲ್ಲಿಯೂ ಅಲ್ಲಿನ ದೀರ್ಘ ಬೇಸಿಗೆಗೆ ಹೊಂದುವ ಪಂಚಾಂಗದ ತಳಿಯನ್ನೇ ಆರಿಸಿದ್ದಾರೆ. ಸೋಲನ್ ಬಳಿಯ ನೌಣಿಯಲ್ಲಿರುವ ಡಾ. ವೈ. ಎಸ್. ಪರ್ಮಾರ್ ತೋಟಗಾರಿಕೆ ಮತ್ತು ಅರಣ್ಯ ವಿಶ್ವವಿದ್ಯಾಲಯ ಆ ಸೀಮೆಯ ಹಣ್ಣು ಮತ್ತು ಬೀಜದ ಮರಗಳ ವಿಷಯದಲ್ಲಿ ವಿಚಾರಿಸಬಹುದಾದ ಸಂಸ್ಥೆ. ಇನ್ನು ಅಮೆರಿಕದಿಂದಲೇ ಬಿತ್ತನೆಯ ಕಾಯಿಯನ್ನೋ ಕಸಿಕಡ್ಡಿಯನ್ನೋ ಪೆಟ್ಟಿಗೆಯಲ್ಲಿಟ್ಟು ತರುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಬಿಡಬೇಕು. 2003ರ ಸಸ್ಯ ಸಂಗರೋಧ ಆದೇಶದಂತೆ ನೆಡುವ ಯಾವ ವಸ್ತುವಿಗೂ ಮೊದಲೇ ಪಡೆದ ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಒಂದು ಕಡ್ಡಿಯೊಡನೆ ಬರುವ ರೋಗ ಹಿಮಾಲಯದ ಅಖ್ರೋಟ್ ತೋಪುಗಳನ್ನೇ ಹಾಳುಮಾಡಬಹುದು.

ಬೀಜವೂ ನೆರಳೂ ಒಂದೇ ಮರದಿಂದ ಬೇಕೆಂಬ ಆಸೆಯಾದರೆ ನಮ್ಮ ಸೀಮೆಯಲ್ಲೇ ದಾರಿಗಳಿವೆ. ಗೋವಾ, ಕೊಂಕಣದ ಜಂಬಿಟ್ಟಿಗೆ ನೆಲದಲ್ಲಿ ಗೋಡಂಬಿಗಿಂತ ಯೋಗ್ಯವಾದದ್ದು ಇನ್ನೊಂದಿಲ್ಲ. ಪೋರ್ಚುಗೀಸರು 16ನೆಯ ಶತಮಾನದಲ್ಲಿ ತಂದ ಈ ಮರ ಇಲ್ಲಿನ ಮಳೆ, ಬಿಸಿಲಿನ ಲೆಕ್ಕಕ್ಕೆ ಪೂರ್ತಿ ಹೊಂದಿಕೊಂಡಿದೆ. ವೆಂಗುರ್ಲಾದ ಹಣ್ಣು ಸಂಶೋಧನಾ ಕೇಂದ್ರದಿಂದ ಬಂದ ಕಸಿ ತಳಿಗಳು ಗೋವಾದಲ್ಲಿ ನೆಲೆಸಿರುವ, ಕಾರವಾರ, ಅಂಕೋಲೆ ಕಡೆಯ ನಮ್ಮವರಿಗೂ ಪರಿಚಿತ. ಭೋರಿನ ಮುರುಮು ನೆಲಕ್ಕೆ ಚಾರೋಳಿ ಹೊಂದುತ್ತದೆ. ಮಹಾರಾಷ್ಟ್ರದ ಎಲೆ ಉದುರುವ ಕಾಡಿನದೇ ಮರ ಅದು, ಬೆಳವಣಿಗೆ ನಿಧಾನವಾದರೂ ಕಡಿಮೆ ಮಣ್ಣಿನಲ್ಲಿ ನಿಲ್ಲುತ್ತದೆ. ಶ್ರೀಖಂಡದ ಮೇಲೆ ಉದುರಿಸುವ ಚಾರೋಳಿ ಅದರ ಬೀಜದ ತಿರುಳೇ. ಬೇಗ ನೆರಳು ಬೇಕಿದ್ದರೆ ನಾಡಬಾದಾಮಿ ಇದೆ. ಛತ್ರಿಯಂತೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚುತ್ತದೆ, ತಿರುಳು ಸಣ್ಣದು, ಒಡೆಯುವುದು ಕಷ್ಟ, ರುಚಿ ಮಾತ್ರ ಬಾದಾಮಿಗೆ ಹತ್ತಿರ.

ಕೊನೆಗೆ ಆದ ತೀರ್ಮಾನ ಹೀಗಿದೆ. ಔಷಧಿ ಹೊಡೆಯುವ ಸೌಕರ್ಯವಿಲ್ಲದ ಮಗಳ ಹಿತ್ತಿಲಿಗೆ ಒಂದು ಕಾಂಜಾ, ಅದಕ್ಕೆ ಪರಾಗದ ಜೋಡಿಯಾಗಿ ಒಂದು ಮೇಜರ್, ಎರಡೂ ಉತ್ತರದ ಬೀಜದ ಬೇರಿನ ಮೇಲೆ ಕಸಿ ಮಾಡಿದವು, ಮನೆಯಿಂದ 12 ಮೀಟರ್ ದೂರದಲ್ಲಿ, ಬರುವ ಮಾರ್ಚ್ ತಿಂಗಳಲ್ಲಿ ನೆಡುವುದೆಂದು ಫೋನಿನಲ್ಲಿ ಹೇಳಿಯಾಯಿತು. ಭೋರಿನಲ್ಲಿ ಬದುವಿನ ಉದ್ದಕ್ಕೂ ಚಾರೋಳಿ, ಬಾವಿಯ ಬಳಿ ಒಂದು ನಾಡಬಾದಾಮಿ. ಗುಂಡಿಗಳನ್ನು ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಟ್ಟು, ಮಿರಗದ ಮಳೆ ಒಂದೆರಡು ಹದವಾಗಿ ಬಿದ್ದ ಮೇಲೆ ಸಸಿ ಇಡುವುದೆಂದು ಗೊತ್ತುಮಾಡಿದ್ದಾರೆ.